ನೆರಳು ನಮಗೆ ಒಂದೇ, ಇಂಗ್ಲಿಷಿಗೆ ಎರಡು

ಪ್ರಶ್ನೆ: ಶೇಡ್, ಶ್ಯಾಡೋ ಎರಡಕ್ಕೂ ನಾವು ನೆರಳು ಅಂತಲೇ ಅಂತೀವಿ. ಹಂಗಾದ್ರೆ ಎರಡೂ ಒಂದೇನಾ ಸಾರ್? ಎಲ್ಲಿ ಯಾವ್ದು ಬಳಸ್ಬೇಕು?

ಉತ್ತರ: ಒಂದೇ ಅಲ್ಲ, ಆದ್ರೆ ಹುಟ್ಟಿದ್ದು ಒಂದೇ ಹೊಟ್ಟೇಲಿ. ಹಳೇ ಇಂಗ್ಲಿಷಲ್ಲಿ ಇದ್ದದ್ದು ಒಂದೇ ಪದ, ನಾವು ಮರ, ಮರದ, ಮರಕ್ಕೆ ಅಂತ ವಿಭಕ್ತಿ ಹಚ್ಚೋ ಹಾಗೆ ಆಗ ಅವರೂ ಹಚ್ತಿದ್ರು, ಏನೂ ಹಚ್ಚದ ರೂಪದಿಂದ ಶೇಡ್ ಬಂತು, ವಿಭಕ್ತಿ ಹಚ್ಚಿದ ರೂಪದಿಂದ ಶ್ಯಾಡೋ ಬಂತು, ಬರ್ತಾ ಬರ್ತಾ ಅಣ್ಣತಮ್ಮಂದಿರ ಹಾಗೆ ಮನೆ ಭಾಗ ಮಾಡ್ಕೊಂಡ್ವು. ಈಗ ವ್ಯತ್ಯಾಸ ಹೀಗೆ ನೋಡಿ. ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನಡೆದು ಸುಸ್ತಾಗಿ ಒಂದು ಮರದ ಕೆಳಗೆ ನಿಲ್ತೀರಲ್ಲ, ಆ ತಂಪು ಜಾಗ ಶೇಡ್. ಅಲ್ಲಿಂದ ಎರಡು ಹೆಜ್ಜೆ ಬಿಸಿಲಿಗೆ ಬನ್ನಿ, ಕಾಲ ಬುಡದಲ್ಲೇ ಕುಳ್ಳಗೆ, ಕಪ್ಪಗೆ ಒಂದು ಆಕಾರ ಬಿದ್ದಿರುತ್ತೆ, ನೀವು ಕೈ ಎತ್ತಿದ್ರೆ ಅದೂ ಎತ್ತುತ್ತೆ, ಅದು ಶ್ಯಾಡೋ. ಆಕಾರ, ಅಂಚು ಇದ್ರೆ ಶ್ಯಾಡೋ, ಬರೀ ಬಿಸಿಲು ತಾಗದ ಜಾಗ ಆದ್ರೆ ಶೇಡ್. ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಬೀಳೋದು ಭೂಮಿಯ ಶ್ಯಾಡೋ, ಅದರ ದುಂಡನೆ ಅಂಚು ಕಣ್ಣಿಗೇ ಕಾಣುತ್ತೆ.

ಕನ್ನಡದಲ್ಲಿ ಪದ ಕಮ್ಮಿ ಅಂತ ಬೇಜಾರು ಮಾಡ್ಕೋಬೇಡಿ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ರನ್ನೂ ಅಂಕಲ್ ಅನ್ನೋ ಒಂದೇ ಚೀಲಕ್ಕೆ ತುಂಬೋ ಭಾಷೆ ಅದು.

ಪ್ರಶ್ನೆ: ಹಾವು ಪಾಯ್ಸನಸ್ಸೋ ವೆನಮಸ್ಸೋ?

ಉತ್ತರ: ಅದು ಕಚ್ಚಿ ನಿಮಗೆ ವಿಷ ಏರಿದ್ರೆ ವೆನಮಸ್, ನೀವು ಅದನ್ನ ತಿಂದು ವಿಷ ಏರಿದ್ರೆ ಪಾಯ್ಸನಸ್. ನಾಗರಹಾವು ವೆನಮಸ್, ವಿಷದ ಅಣಬೆ ಪಾಯ್ಸನಸ್. ಆಸ್ಪತ್ರೇಲಿ ಕೊಡೋ ಇಂಜೆಕ್ಷನ್ನಿಗೆ ಆಂಟಿವೆನಮ್ ಅನ್ನೋದು ನೆನಪಿಟ್ಕೊಳ್ಳಿ, ಸಾಕು.

ಪ್ರಶ್ನೆ: ಎಕನಾಮಿಕ್, ಎಕನಾಮಿಕಲ್, ಹಿಸ್ಟಾರಿಕ್, ಹಿಸ್ಟಾರಿಕಲ್. ಈ 'ಕಲ್' ಬಾಲ ಸೇರಿದ್ರೆ ಅರ್ಥ ಏನಾಗುತ್ತೆ, ರೂಲ್ ಏನಾದ್ರೂ ಇದ್ಯಾ?

ಉತ್ತರ: ರೂಲ್ ಇಲ್ಲ, ಅದೇ ತಲೆನೋವು. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಾನು ಮೇಲಿನವರಿಗೆ ಒಂದು ಅರ್ಜಿ ಬರೆದೆ, ಮನೇಲಿ ದುಡ್ಡಿನ ತಾಪತ್ರಯ, ಅಡ್ವಾನ್ಸ್ ಬೇಕು ಅಂತ, ಅದರಲ್ಲಿ ಠೀವಿಯಿಂದ 'ಎಕನಾಮಿಕಲ್ ಪ್ರಾಬ್ಲಮ್' ಅಂತ ಹಾಕಿದ್ದೆ. ಅವರು ಓದಿ ಕನ್ನಡಕದ ಮೇಲಿಂದ ನೋಡಿ, 'ಕಮ್ಮಿ ಖರ್ಚಲ್ಲಿ ಮುಗಿಯೋ ಪ್ರಾಬ್ಲಮ್ಮಿಗೆ ಅಡ್ವಾನ್ಸ್ ಯಾಕ್ರೀ' ಅಂದ್ರು. ಎಕನಾಮಿಕಲ್ ಅಂದ್ರೆ ಮಿತವ್ಯಯದ್ದು, ಕಮ್ಮಿ ಪೆಟ್ರೋಲ್ ಕುಡಿಯೋ ಗಾಡಿ ಎಕನಾಮಿಕಲ್. ಹಣಕಾಸಿಗೆ, ಅರ್ಥವ್ಯವಸ್ಥೆಗೆ ಸಂಬಂಧಪಟ್ಟದ್ದು ಎಕನಾಮಿಕ್, ಮನೆ ಖರ್ಚಿನ ಮಾತಿಗಾದ್ರೆ ಫೈನಾನ್ಶಿಯಲ್ ಅನ್ನೋದೇ ಸರಿ.

ಇನ್ನು ಹಿಸ್ಟಾರಿಕ್ ಅಂದ್ರೆ ಚರಿತ್ರೇಲಿ ಉಳಿಯೋ ಅಂಥದ್ದು. 1969ರ ಜುಲೈ 20, ಮನುಷ್ಯ ಚಂದ್ರನ ಮೇಲೆ ಇಳಿದದ್ದು ಹಿಸ್ಟಾರಿಕ್. ಹಿಸ್ಟಾರಿಕಲ್ ಅಂದ್ರೆ ಬರೀ ಚರಿತ್ರೆಗೆ ಸಂಬಂಧಪಟ್ಟದ್ದು, ದೊಡ್ಡದೇ ಆಗಿರ್ಬೇಕು ಅಂತಿಲ್ಲ, ಮುನ್ನೂರು ವರ್ಷದ ಹಿಂದೆ ಯಾರೋ ಯಾರಿಗೋ ಬರ್ಕೊಟ್ಟ ಸಾಲದ ಪತ್ರ ಹಿಸ್ಟಾರಿಕಲ್ ಡಾಕ್ಯುಮೆಂಟ್ ಹೌದು, ಹಿಸ್ಟಾರಿಕ್ ಖಂಡಿತ ಅಲ್ಲ. ಎಲೆಕ್ಟ್ರಿಕ್, ಎಲೆಕ್ಟ್ರಿಕಲ್ ಮಾತ್ರ ರೂಢಿ ಮೇಲೆ ನಡೆಯುತ್ತೆ, ಹೊಡೆಯೋ ಶಾಕ್ ಎಲೆಕ್ಟ್ರಿಕ್, ಓದಿದ ಎಂಜಿನಿಯರ್ ಎಲೆಕ್ಟ್ರಿಕಲ್.

ಪ್ರಶ್ನೆ: ಗ್ಯಾರಂಟಿ ಅಂದ್ರೆ ಹೊಸ ಪೀಸ್ ಕೊಡ್ತಾರೆ, ವಾರಂಟಿ ಅಂದ್ರೆ ರಿಪೇರಿ ಅಷ್ಟೇ ಅಂತಾರೆ. ನಿಜವೇ ಮೇಡಂ?

ಉತ್ತರ: (ಮೇಡಂ ಅಲ್ಲ, ಸಾರ್. ಇರ್ಲಿ.) ಅದು ಅಂಗಡಿ ಮಾತು, ಪದದೊಳಗೆ ಹಂಗೇನೂ ಬರೆದಿಲ್ಲ, ಕಾರ್ಡಲ್ಲಿ ಏನು ಪ್ರಿಂಟ್ ಆಗಿದೆಯೋ ಅದೇ ಫೈನಲ್. ವಾರಂಟಿ ಅನ್ನೋದು ಸಾಮಾನ್ಯವಾಗಿ ವಸ್ತುವಿನ ಜೊತೆ, ಷರತ್ತಿನ ಜೊತೆ ಬರೋ ಬರಹದ ಭರವಸೆ. ಗ್ಯಾರಂಟಿ ಅದಕ್ಕಿಂತ ಅಗಲ, ಬೇರೆಯವರ ಸಾಲಕ್ಕೆ ಜಾಮೀನು ನಿಂತ್ರೂ ಅದೇ ಪದ, ಯಾವ ಭರವಸೆಗೂ ಸಲ್ಲುತ್ತೆ. ನಂಗೆ ಇಷ್ಟವಾಗೋದು ಇವೆರಡರ ಜಾತಕ. 1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡ್ ಗೆದ್ರಲ್ಲ, ಅವರಾಡ್ತಿದ್ದ ಫ್ರೆಂಚಲ್ಲಿ ಇಂಥ ಪದಗಳು 'ವ'ದಿಂದ ಶುರುವಾಗ್ತಿದ್ವು, ಪ್ಯಾರಿಸ್ ಕಡೆಯವರ ಬಾಯಲ್ಲಿ ಅದೇ 'ಗ' ಆಗಿತ್ತು. ಇಂಗ್ಲಿಷ್ ಎರಡನ್ನೂ ಬೇರೆಬೇರೆ ದಾರಿಯಿಂದ ಬಾಚ್ಕೊಳ್ತು. ಹಾಸ್ಟೆಲ್ ವಾರ್ಡನ್ನು, ಅಪ್ಲಿಕೇಶನ್ ಫಾರಮ್ಮಲ್ಲಿ ಸೈನ್ ಹಾಕೋ ಗಾರ್ಡಿಯನ್ನು ಕೂಡ ಹೀಗೇ ಒಂದೇ ಬಳ್ಳಿಯವು.

ಪ್ರಶ್ನೆ: 'ಐ ಆಮ್ ಡಿಸ್‌ಇಂಟರೆಸ್ಟೆಡ್ ಇನ್ ಪಾಲಿಟಿಕ್ಸ್' ಅಂತ ಬರೆದೆ, ಫ್ರೆಂಡ್ ತಪ್ಪು ಅಂದ. ಯಾರು ಸರಿ?

ಉತ್ತರ: ನಿಮ್ಮ ಫ್ರೆಂಡ್ ಕಡೆಗೇ ನನ್ನ ವೋಟು, ಇಂಗ್ಲಿಷ್ ಮನೆಮಾತಿನವರೂ ಇದನ್ನ ಕಲಸ್ತಾರೆ ಅನ್ನೋದು ನಿಜವಾದ್ರೂ. ಆಸಕ್ತಿ ಇಲ್ದೇ ಇದ್ರೆ ಅನ್‌ಇಂಟರೆಸ್ಟೆಡ್. ಡಿಸ್‌ಇಂಟರೆಸ್ಟೆಡ್ ಅಂದ್ರೆ ಅದರಲ್ಲಿ ತನ್ನ ಸ್ವಂತ ಲಾಭ ಇಲ್ದವನು, ಆ ಕಡೆ ಈ ಕಡೆ ವಾಲದವನು. ಕೋರ್ಟಲ್ಲಿ ನಿಮ್ಮ ಕೇಸ್ ಕೇಳೋ ಜಡ್ಜ್ ಡಿಸ್‌ಇಂಟರೆಸ್ಟೆಡ್ ಆಗಿರ್ಲಿ ಅಂತ ಬೇಡ್ಕೊಳ್ಳಿ. ನಿಮ್ಮ ಲಾಯರ್ ವಾದ ಮಾಡ್ತಾ ಇರುವಾಗ ಅವರು ಆಕಳಿಸ್ತಾ ಗಡಿಯಾರ ನೋಡಿದ್ರೆ, ಅದು ಅನ್‌ಇಂಟರೆಸ್ಟೆಡ್.