ಶಿನ್ ಹಸೆಗಾವಾ ಅನ್ನೋ ವಿಜ್ಞಾನಿ ಕಿತ್ತಳೆ ಹಣ್ಣಿನ ಬಗ್ಗೆ ಏನು ಸಂಶೋಧನೆ ಮಾಡಿದ್ರು?

ಒಂದೇ ಮಾತಲ್ಲಿ ಹೇಳ್ಬೇಕಂದ್ರೆ ಕಹಿ. ಅಮೆರಿಕದ ಕೃಷಿ ಇಲಾಖೆಯ ಲ್ಯಾಬ್‌ಗಳಲ್ಲಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಆಮೇಲೆ ಆಲ್ಬನಿಯಲ್ಲಿ, ವರ್ಷಗಟ್ಟಲೆ ಇದೇ ವಿಷಯ ಹಿಡ್ಕೊಂಡು ಕೂತಿದ್ರು.

ನೇವಲ್ ಅನ್ನೋ ತಳಿಯ ಕಿತ್ತಳೆ ಹಾಗೇ ತಿಂದ್ರೆ ಸಿಹಿ, ಜ್ಯೂಸ್ ಮಾಡಿ ಕೆಲವು ಗಂಟೆ ಇಟ್ರೆ ಕಹಿ. ಯಾಕಂದ್ರೆ ಇಡೀ ಹಣ್ಣಲ್ಲಿ ಲಿಮೋನಿನ್ ಅನ್ನೋ ಕಹಿ ಪದಾರ್ಥ ಹೆಚ್ಚುಕಮ್ಮಿ ಇರೋದೇ ಇಲ್ಲ, ಅದರ ರುಚಿಯಿಲ್ಲದ ಪೂರ್ವರೂಪ ಮಾತ್ರ ಇರುತ್ತೆ, ಹಿಂಡಿದಾಗ ಜೀವಕೋಶ ಒಡೆದು ಅದು ಹುಳಿ ರಸಕ್ಕೆ ಸೇರುತ್ತೆ, ಆಗ ಒಂದು ಎನ್‌ಝೈಮ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡೋ ಪ್ರೋಟೀನ್) ಸಹಾಯದಿಂದ ನಿಧಾನಕ್ಕೆ ಲಿಮೋನಿನ್ ಆಗುತ್ತೆ.

ಈ ಕಹಿ ಪದಾರ್ಥಗಳು ಗಿಡದಲ್ಲಿ ಎಲ್ಲಿ ಹುಟ್ಟುತ್ತವೆ ಅಂತ ತಿಳಿಯೋಕೆ ಹಸೆಗಾವಾ ತಂಡ ಗಿಡಕ್ಕೆ ಅಸಿಟೇಟ್ ಅನ್ನೋ ಸರಳ ಕಚ್ಚಾವಸ್ತು ಕೊಟ್ಟು ನೋಡಿದ್ರು, ಅದು ಎಲ್ಲಿಗೆ ಹೋಗಿ ಏನಾಗುತ್ತೆ ಅಂತ ಪತ್ತೆ ಹಚ್ಚೋಕೆ ಅದಕ್ಕೆ ವಿಕಿರಣಶೀಲ ಕಾರ್ಬನ್ ಗುರುತು ಹಾಕಿದ್ರು. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಮೂಲವಸ್ತು ನೊಮಿಲಿನ್ ತಯಾರಾಗೋದು ಕಾಂಡದಲ್ಲಿ, ಅಲ್ಲಿಂದ ಎಲೆ, ಹಣ್ಣು, ಬೀಜಕ್ಕೆ ಹೋಗಿ ಅಲ್ಲಲ್ಲೇ ಲಿಮೋನಿನ್ ಥರದವಾಗಿ ಬದಲಾಗುತ್ತೆ ಅಂತ ಗೊತ್ತಾಯ್ತು.

1989ರಲ್ಲಿ ಇನ್ನೊಂದು ದೊಡ್ಡ ವಿಷಯ ಬಂತು, ಹಣ್ಣು ಬಲಿತಂತೆ ಗಿಡ ಲಿಮೋನಿನ್ ಥರದ ಈ ಪದಾರ್ಥಗಳಿಗೆ ಗ್ಲುಕೋಸ್ ಅಂಟಿಸಿ ಕಹಿಯಿಲ್ಲದ ಗ್ಲುಕೋಸೈಡ್ ಮಾಡ್ಕೊಳುತ್ತೆ. ಸೀಸನ್ ಕೊನೆಯ ಹಣ್ಣಿನ ಜ್ಯೂಸ್ ಕಹಿ ಕಮ್ಮಿ ಇರೋದು ಅದಕ್ಕೇ. ಲಿಮೋನಿನ್ ಒಡೆಯೋ ಬ್ಯಾಕ್ಟೀರಿಯಾ ಬಳಸಿ ಜ್ಯೂಸಿನ ಕಹಿ ತೆಗೆಯೋ ದಾರಿನೂ ಅವರು ಹುಡುಕಿದ್ರು, ಆದ್ರೆ ನನ್ನ ಪ್ರಕಾರ ಗ್ಲುಕೋಸೈಡ್ ಕೆಲಸವೇ ಅವರ ಅತಿ ಮುಖ್ಯ ಕೊಡುಗೆ, ಈ ಪದಾರ್ಥಗಳ ಆರೋಗ್ಯ ಗುಣಗಳ ಮೇಲಿನ ಎಷ್ಟೋ ಸಂಶೋಧನೆಗೆ ದಾರಿ ಆಗಿದ್ದು ಅದು.