ಬೆಂಕಿಪೊಟ್ಟಣದಲ್ಲಿ ಹಿಡಿಸುವ ಉಡುಗೊರೆ

ಪ್ರಶ್ನೆ: ಮನೆಯವರೆಲ್ಲ ಸೇರುವ ದಿನ ಹತ್ತಿರ ಬಂತು. ಎಲ್ಲರಿಗೂ ತಾನೇ ಪುಟ್ಟ ಉಡುಗೊರೆ ಮಾಡಿಕೊಡುತ್ತೇನೆ ಎಂದು ನನ್ನ ಹತ್ತು ವರ್ಷದ ಮಗಳು ಹಟ ಹಿಡಿದಿದ್ದಾಳೆ. ಬಿಳಿ ಹಾಳೆ, ಕತ್ತರಿ ಬಿಟ್ಟರೆ ಬೇರೇನೂ ಇಲ್ಲ. ಏನು ಮಾಡಬಹುದು?

ಉತ್ತರ: ಅಷ್ಟಿದ್ದರೆ ಸಾಕು, ಪುಸ್ತಕ ಮಾಡಲಿ. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿ. ಪ್ರತಿ ಸಲವೂ ಉದ್ದದ ಬದಿಯೇ ಅರ್ಧವಾಗಬೇಕು. ಮೂಡಿದ ಗೆರೆಗಳ ಮೇಲೆ ಕತ್ತರಿಸಿದರೆ 74 × 105 ಮಿ.ಮೀ. ಅಳತೆಯ ಎಂಟು ತುಂಡುಗಳು ಸಿಗುತ್ತವೆ. ಒಂದು ತುಂಡನ್ನು ಎತ್ತಿಕೊಂಡು ಅದನ್ನೂ ಹಾಗೆಯೇ ಮೂರು ಸಲ ಮಡಚಿ ಬಿಚ್ಚಿ. ಈಗ ಚಿಕ್ಕ ಅಂಚುಗಳು ಒಂದಕ್ಕೊಂದು ಸೇರುವಂತೆ ಒಮ್ಮೆ ಮಡಚಿ. ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಕತ್ತರಿ ಹಾಕಿ, ಅಡ್ಡಗೆರೆ ಸಿಕ್ಕಿದ ಕೂಡಲೇ ನಿಲ್ಲಿಸಿ. ಬಿಚ್ಚಿದರೆ ಮಧ್ಯದಲ್ಲೊಂದು ಸೀಳು ಕಾಣುತ್ತದೆ. ಹಾಳೆಯನ್ನು ಉದ್ದಕ್ಕೆ ಮಡಚಿ, ಎರಡು ತುದಿಗಳನ್ನೂ ಒಳಕ್ಕೆ ತಳ್ಳಿ. ಸೀಳು ಬಾಯಿ ತೆರೆದು ಕೂಡುವ ಚಿಹ್ನೆಯ ಆಕಾರಕ್ಕೆ ಬರುತ್ತದೆ. ಪುಟಗಳನ್ನು ಒಂದೇ ಕಡೆಗೆ ತಿರುಗಿಸಿ ಒತ್ತಿಬಿಡಿ. 26 ಮಿ.ಮೀ. ಅಗಲ, 37 ಮಿ.ಮೀ. ಎತ್ತರದ ಎಂಟು ಪುಟದ ಪುಸ್ತಕ ಸಿದ್ಧ. ಅಂಟೂ ಬೇಡ, ದಾರವೂ ಬೇಡ. ಒಂದು ಎ4 ಹಾಳೆಯಲ್ಲಿ ಎಂಟು ಜನಕ್ಕೆ ಎಂಟು ಪುಸ್ತಕ.

ನನಗೆ ಮುಖ್ಯ ಅನ್ನಿಸುವುದು ಒಳಗೆ ಏನಿರಬೇಕು ಅನ್ನುವುದು. ಇಂಗ್ಲೆಂಡಿನ ಬ್ರಾಂಟೆ ಮನೆಯ ಮಕ್ಕಳಿಗೆ 1826ರಲ್ಲಿ ಅಪ್ಪ ಮರದ ಸೈನಿಕರ ಗೊಂಬೆಗಳನ್ನು ತಂದುಕೊಟ್ಟಿದ್ದರು. ಮುಂದೆ ಷಾರ್ಲೆಟ್ (ದೊಡ್ಡವಳಾಗಿ ಹೆಸರಾಂತ ಕಾದಂಬರಿಗಾರ್ತಿಯಾದವಳು ಇವಳೇ) ಮತ್ತು ಅವಳ ತಮ್ಮ ಬ್ರಾನ್‌ವೆಲ್ ಆ ಗೊಂಬೆಗಳ ಅಳತೆಗೆ ಸರಿಯಾಗಿ ಪುಟ್ಟ ಪುಸ್ತಕಗಳನ್ನು ಬರೆದು, ಹೊಲಿದು ಇಟ್ಟರು. ಓದುವವರು ಯಾರು ಅಂತ ಅವರಿಗೆ ಮೊದಲೇ ಗೊತ್ತಿತ್ತು, ನೋಡಿ. ನಿಮ್ಮ ಮಗಳೂ ಮೊದಲು ಮುಖಪುಟದಲ್ಲಿ ಹೆಸರು ಬರೆಯಲಿ, ಆಮೇಲೆ ಒಳಪುಟಕ್ಕೆ ಹೋಗಲಿ. ಅತ್ತೆಯ ಪುಸ್ತಕದಲ್ಲಿ ಅತ್ತೆ ಸದಾ ಹೇಳುವ ಮಾತುಗಳು. ದೊಡ್ಡಪ್ಪನ ಪುಸ್ತಕದಲ್ಲಿ ಅವರು ಕನ್ನಡಕ ಮರೆತಿಡುವ ಜಾಗಗಳು, ಪುಟಕ್ಕೊಂದು ಚಿತ್ರ. ‘ನೀವೆಂದರೆ ನನಗಿಷ್ಟ’ ಅಂತ ಎಂಟು ಪುಸ್ತಕದಲ್ಲೂ ಬರೆಯುವುದಕ್ಕಿಂತ ಇದು ಸಾವಿರ ಪಾಲು ಮೇಲು. ಪೆನ್ಸಿಲ್‌ನಲ್ಲೇ ಬರೆಯಲಿ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಮಾಸುತ್ತದೆ, ಪೆನ್ಸಿಲ್ ಗೆರೆ ಮಾಸುವುದಿಲ್ಲ.

ಪ್ರಶ್ನೆ: ನಮ್ಮಜ್ಜನಿಗೆ ಕಣ್ಣು ಮಂಜು. ಪುಟ್ಟ ಉಡುಗೊರೆ ಕೊಟ್ಟರೆ ಅವರಿಗೆ ಕಾಣುವುದೇ ಇಲ್ಲ, ಅಲ್ವಾ?

ಉತ್ತರ: ಮುಚ್ಚಿದಾಗ ಪುಟ್ಟದಾಗಿದ್ದು, ತೆರೆದಾಗ ದೊಡ್ಡದಾಗುವಂಥದ್ದನ್ನು ಮಾಡಿ. ಬೆಂಕಿಪೊಟ್ಟಣ ಖಾಲಿ ಮಾಡಿ, ಒಳಗಿನ ಡಬ್ಬಿಯ ಅಗಲ ಅಳೆಯಿರಿ. ಅದಕ್ಕಿಂತ 2 ಮಿ.ಮೀ. ಕಡಿಮೆ ಅಗಲದ ಪಟ್ಟಿಯನ್ನು ಎ4 ಹಾಳೆಯ ಉದ್ದಕ್ಕೂ ಕತ್ತರಿಸಿ. ಸುಮಾರು ಒಂದು ಅಡಿಯ ಪಟ್ಟಿ ಅದು. ಹಿಂದೆ ಮುಂದೆ, ಹಿಂದೆ ಮುಂದೆ ಅಂತ ಮಡಚುತ್ತ ಹೋಗಿ, ಒಂದು ತುದಿಯನ್ನು ಡಬ್ಬಿಯ ತಳಕ್ಕೆ ಅಂಟಿಸಿ. ಮಡಿಕೆಗೊಂದೇ ಅಕ್ಷರ, ದಪ್ಪ ಕಪ್ಪು ಸ್ಕೆಚ್ ಪೆನ್ನಿನಲ್ಲಿ. ಅಜ್ಜ ತುದಿ ಹಿಡಿದು ಎಳೆದಂತೆ ಮೊಮ್ಮಗುವಿನ ಹೆಸರು ಅಕ್ಷರ ಅಕ್ಷರವಾಗಿ ಹೊರಗೆ ಬರುತ್ತದೆ. ಕಣ್ಣು ತೀರಾ ಕಷ್ಟವಾದರೆ ಅಕ್ಷರಗಳನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿ. ಬೆರಳಿಗೆ ಸಿಗುತ್ತವೆ. ಪಟ್ಟಿ ಆಗ ದಪ್ಪಗಾಗುವುದರಿಂದ ಹೆಸರು ಚಿಕ್ಕದಿದ್ದರೆ ಒಳ್ಳೆಯದು.

ಪ್ರಶ್ನೆ: ಪುಟ್ಟ ಕಾಗದದ ಮನೆ ಮಾಡುತ್ತೇನೆ. ಅಂಟು ಹಚ್ಚಿದ ಕೂಡಲೇ ಗೋಡೆ ಸೊಟ್ಟಗಾಗುತ್ತದೆ, ಮಡಿಕೆ ಬಿರಿಯುತ್ತದೆ.

ಉತ್ತರ: ಎರಡಕ್ಕೂ ಕಾಗದದ ಎಳೆಯೇ ಕಾರಣ. ಯಂತ್ರದಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ನೀರು ತಾಗಿದರೆ ನಾರು ಉದ್ದಕ್ಕಿಂತ ಅಗಲಕ್ಕೆ ಜಾಸ್ತಿ ಉಬ್ಬುತ್ತದೆ, ಹಾಗಾಗಿ ಹಾಳೆ ಸುರುಳುತ್ತದೆ. ಹಾಳೆಯನ್ನು ಮಡಚದೆ ಸುಮ್ನೆ ಎರಡೂ ಕಡೆಗೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗುತ್ತದೋ ಆ ಮಡಿಕೆಯ ಗೆರೆ ಎಳೆಯ ದಿಕ್ಕಿಗಿದೆ. ಮುಖ್ಯ ಮಡಿಕೆಗಳು ಆ ದಿಕ್ಕಿನಲ್ಲೇ ಬರಲಿ. ದಪ್ಪ ಕಾಗದವಾದರೆ ಮಡಚುವ ಮೊದಲು ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒಂದು ಗೀರು ಎಳೆಯಿರಿ. ಬಿಳಿ ಅಂಟನ್ನು ಕಡ್ಡಿಯ ತುದಿಯಲ್ಲಿ ಚೂರೇ ಚೂರು ಹಚ್ಚಿ. ತೆಳು ಹಾಳೆಗೆ ಗ್ಲೂ ಸ್ಟಿಕ್ ವಾಸಿ, ಅದರಲ್ಲಿ ನೀರಿನಂಶ ಕಡಿಮೆ.

ಪ್ರಶ್ನೆ: ಮನೆಯಲ್ಲಿ ಒಂದೂವರೆ ವರ್ಷದ ಕೂಸಿದೆ. ಅದಕ್ಕೂ ಒಂದು ಕೊಡಬಹುದೇ?

ಉತ್ತರ: ಇಷ್ಟು ಪುಟ್ಟದ್ದು ಬೇಡವೇ ಬೇಡ. ಮೂರು ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ. ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಅವರ ಕೈಗೆ ಸಿಗಬಾರದು. ಮಣಿ, ಸ್ಟೇಪ್ಲರ್ ಪಿನ್ ಅಂತೂ ಹತ್ತಿರವೂ ಇರಬಾರದು. ಕೂಸಿಗೆ ಇಡೀ ಎ4 ಹಾಳೆಯಲ್ಲೇ ಅದೇ ಪುಸ್ತಕ ಮಡಚಿ, ಪುಟಕ್ಕೊಂದು ದೊಡ್ಡ ಚಿತ್ರ ಬರೆದು, ತೊಡೆಯ ಮೇಲೆ ಕೂರಿಸಿಕೊಂಡು ತೋರಿಸಿ. ಹರಿದರೆ ಇನ್ನೊಂದು ಮಾಡಿದರಾಯಿತು.