ಸೊಸೆಯ ಗದ್ದೆ, ಮಗನ ಮನೆ

(ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ಕಿರಿಯ ಮಗ ಜಕಾರ್ತದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸೊಸೆ ಜಾವಾದವಳು, ತವರು ಯೋಗ್ಯಕರ್ತ ನಗರದ ಉತ್ತರಕ್ಕೆ, ಸ್ಲೆಮಾನ್ ಜಿಲ್ಲೆಯ ಒಂದು ಹಳ್ಳಿ. ಬೀಗರಿಗೆ ಮನೆ, ಹಿತ್ತಲು, 1,800 ಚದರ ಮೀಟರ್ ಗದ್ದೆ ಇದೆ. ಮೂವರು ಮಕ್ಕಳಿಗೂ ಈಗಲೇ ಹಂಚಿಬಿಡಬೇಕೆಂದು ಅವರ ಮನಸ್ಸು. ಸೊಸೆಯ ಪಾಲಿನ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಬೇಕು, ಪಕ್ಕದ ಇನ್ನೊಂದು ತುಂಡನ್ನೂ ಕೊಳ್ಳಬೇಕು ಎಂದು ಮಗನ ಆಸೆ. “ವಿದೇಶಿಯರ ಹೆಸರಿಗೆ ಆಗೋದಿಲ್ಲ, ಡ್ರೈವರ್ ಹೆಸರಲ್ಲಿ ಮಾಡಿಸೋಣ” ಎನ್ನುತ್ತಿದ್ದಾನಂತೆ ಅಲ್ಲಿಯ ಬ್ರೋಕರ್. “ಇದು ಸರಿಯೇ? ಮೊಮ್ಮಗಳಿಗೆ ಉಳಿಯುತ್ತದೆಯೇ? ಡಿಸೆಂಬರಿನಲ್ಲಿ ಮೊದಲ ಸಲ ಬೀಗರ ಮನೆಗೆ ಹೊರಟಿದ್ದೇವೆ, ಏನು ತೆಗೆದುಕೊಂಡು ಹೋಗಲಿ?” ಎಂದು ಕೇಳಿದ್ದಾರೆ.)

ಮೇಷ್ಟ್ರೇ,

ಡ್ರೈವರ್ ಹೆಸರಿನ ಮಾತನ್ನು ಮೊದಲು ಮುಗಿಸಿಬಿಡೋಣ. ಬೇಡ. ನಮ್ಮಲ್ಲಿ ಬೇನಾಮಿ ಅನ್ನುತ್ತೇವಲ್ಲ, ಅದೇ ಇದು. ಇಂಡೊನೇಷ್ಯಾದ ಭೂಕಾಯಿದೆ 1960ರದ್ದು. ಅದರ 26ನೇ ಕಲಮು ಖಡಾಖಂಡಿತ: ಪೂರ್ಣ ಒಡೆತನದ ಜಮೀನನ್ನು ನೇರವಾಗಿಯೋ ಸುತ್ತುಬಳಸಿಯೋ ವಿದೇಶಿಯ ಕೈಗೆ ದಾಟಿಸಿದರೆ ವ್ಯವಹಾರ ಅಸಿಂಧು, ಜಮೀನು ಸರ್ಕಾರಕ್ಕೆ, ಕೊಟ್ಟ ಹಣ ವಾಪಸಿಲ್ಲ. ಡ್ರೈವರ್ ಒಳ್ಳೆಯವನೇ ಇರಬಹುದು. ಅವನಿಗೂ ಹೆಂಡತಿ ಮಕ್ಕಳು, ಸಾಲ ಸೋಲ ಇರುತ್ತದಲ್ಲ? ನಾಳೆ ಅವನಿಗೇನಾದರೂ ಆದರೆ ವಾರಸುದಾರರು ಅವನ ಮಕ್ಕಳು. ನಿಮ್ಮ ಮಗ ಕೋರ್ಟಿಗೆ ಹೋಗಿ ‘ಅದು ನನ್ನದು’ ಅಂದರೆ ತಾನೇ ಕಾಯಿದೆ ಮುರಿದೆ ಅಂತ ಒಪ್ಪಿಕೊಂಡ ಹಾಗೆ. ಬ್ರೋಕರ್ ಅಷ್ಟರೊಳಗೆ ಕಮಿಷನ್ ಎಣಿಸಿಕೊಂಡು ಹೋಗಿರುತ್ತಾನೆ.

ಆ ಪೂರ್ಣ ಒಡೆತನಕ್ಕೆ ಅಲ್ಲಿಯ ಹೆಸರು ‘ಹಕ್ ಮಿಲಿಕ್’. ಹಕ್ಕು, ಮಾಲೀಕ: ಎರಡೂ ಅರಬ್ಬಿಯಿಂದ ನಮ್ಮ ಕಡೆಗೂ ಬಂದವು, ಅವರ ಕಡೆಗೂ ಹೋದವು. ವಾರಸುದಾರ ಅಲ್ಲಿ ‘ವಾರಿಸ್’. ತಂದೆ ಬದುಕಿರುವಾಗಲೇ ಕೊಡುವ ದಾನ ‘ಹಿಬಾ’. ಜಿಲ್ಲೆಯ ಮುಖ್ಯಸ್ಥ ‘ಬುಪಾತಿ’, ಅಂದರೆ ನಮ್ಮ ಭೂಪತಿ. ಬೀಗರು ಜಮೀನಿನ ಮಾತು ತೆಗೆದರೆ ನಿಮಗೆ ಅರ್ಧ ತಾನಾಗಿಯೇ ಅರ್ಥವಾಗುತ್ತದೆ. ತೊಡಕಿರುವುದು ಉಳಿದರ್ಧದಲ್ಲಿ.

ಬೀಗರು ಮಗಳಿಗೆ ಕೊಡುವುದು ಬೇರೆ, ಗಂಡ ಹೆಂಡತಿ ಸೇರಿ ಕೊಳ್ಳುವುದು ಬೇರೆ. 1974ರ ವಿವಾಹ ಕಾಯಿದೆಯ ಪ್ರಕಾರ ಮದುವೆಯಾದ ಮೇಲೆ ಸಂಪಾದಿಸಿದ್ದು ಇಬ್ಬರದ್ದು. ದಾನವಾಗಿ, ಪಿತ್ರಾರ್ಜಿತವಾಗಿ ಬಂದದ್ದು ಬಂದವರದ್ದು. ಹಾಗಾಗಿ ಅಪ್ಪ ಹಿಬಾ ಮಾಡಿದ ನೆಲ ಸೊಸೆಯದ್ದೇ. ಪಕ್ಕದ ತುಂಡನ್ನು ಅವಳೇ ತನ್ನ ಹೆಸರಿಗೆ ಕೊಂಡರೂ ಅದರಲ್ಲಿ ಅರ್ಧ ಗಂಡನದ್ದೆಂದು ಲೆಕ್ಕ, ಗಂಡ ವಿದೇಶಿ, ಅಲ್ಲಿಗೆ ಸಿಕ್ಕು. ಮದುವೆಯ ಆಸ್ತಿ ಬೆರೆತೋ ಉತ್ತರಾಧಿಕಾರದಿಂದಲೋ ವಿದೇಶಿಗೆ ಹಕ್ ಮಿಲಿಕ್ ಬಂದರೆ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು.

ಇದಕ್ಕೆ ಪರಿಹಾರ ಗಂಡ ಹೆಂಡತಿಯ ಆಸ್ತಿ ಬೇರೆ ಬೇರೆ ಎಂಬ ಕರಾರು. ಮೊದಲು ಅದನ್ನು ಮದುವೆಗೆ ಮುಂಚೆಯೇ ಬರೆಸಬೇಕಿತ್ತು. ಮದುವೆಯ ಸಡಗರದಲ್ಲಿ ಯಾವ ಹುಡುಗಿ ನೋಟರಿ ಹತ್ತಿರ ಓಡುತ್ತಾಳೆ? ಜಪಾನಿ ಗಂಡನಿದ್ದ ಇಂಡೊನೇಷ್ಯಾದ ಮಹಿಳೆಯೊಬ್ಬರು ಫ್ಲ್ಯಾಟ್ ಕೊಳ್ಳಲು ಹೋಗಿ, ಕರಾರಿಲ್ಲ ಅಂತ ಬಿಲ್ಡರ್ ವ್ಯವಹಾರ ಮುರಿದಾಗ, ಸಂವಿಧಾನ ನ್ಯಾಯಾಲಯದವರೆಗೂ ಹೋದರು. 2016ರ ಅಕ್ಟೋಬರಿನಲ್ಲಿ ತೀರ್ಪು ಬಂತು: ಮದುವೆಯಾದ ಮೇಲೂ ಕರಾರು ಮಾಡಿಕೊಳ್ಳಬಹುದು. ನಿಮ್ಮ ಮಗ ಸೊಸೆ ಇವತ್ತೇ ಹೋಗಿ ಮಾಡಿಸಲಿ. ‘ಗಂಡ ಹೆಂಡತಿ ನಡುವೆ ಎಂಥಾ ಕರಾರು’ ಅಂತ ನಿಮ್ಮ ಮನೆಯವರು ಮುಖ ಸಿಂಡರಿಸಬಹುದು. ಇದು ಅಪನಂಬಿಕೆಯ ಕಾಗದವಲ್ಲ, ಸೊಸೆಯ ಹಕ್ಕು ಉಳಿಸುವ ಕಾಗದ ಅಂತ ತಿಳಿಸಿ ಹೇಳಿ.

ಮೊಮ್ಮಗಳ ವಿಷಯ ಅವಳ ಪಾಸ್‌ಪೋರ್ಟಿನ ಮೇಲೆ ನಿಂತಿದೆ. ಮಿಶ್ರ ದಂಪತಿಯ ಮಕ್ಕಳಿಗೆ ಇಂಡೊನೇಷ್ಯಾ 2006ರಿಂದ ಒಂದು ಮಿತಿಯಲ್ಲಿ ಎರಡು ಪೌರತ್ವ ಒಪ್ಪುತ್ತದೆ. ಹದಿನೆಂಟಾದ ಮೇಲೆ ಇಪ್ಪತ್ತೊಂದರೊಳಗೆ ಒಂದನ್ನು ಆರಿಸಬೇಕು. ನಮ್ಮ ದೇಶವಂತೂ ಎರಡನ್ನು ಒಪ್ಪುವುದೇ ಇಲ್ಲ. ಅವಳು ಇಂಡೊನೇಷ್ಯಾದವಳಾಗಿ ಉಳಿದರೆ ಅಮ್ಮನ ನೆಲ ಅವಳಿಗೆ. ಇಲ್ಲವಾದರೆ ಅದೇ ಒಂದು ವರ್ಷದ ಗಡುವು.

ಈಗ ಬೀಗರ ಕಾಗದಪತ್ರ. ಕೆಲವು ವರ್ಷದ ಹಿಂದೆ ಅದೇ ಜಿಲ್ಲೆಯ ಹಳ್ಳಿಯೊಂದರಲ್ಲಿ ಹನ್ನೆರಡು ದಿನ ಇದ್ದೆ. ನಾನಿದ್ದ ಮನೆಯ ಯಜಮಾನರನ್ನು ಜಮೀನಿನ ಪತ್ರ ತೋರಿಸಿ ಅಂದಾಗ ಅವರು ಬೀರುವಿನ ಮೇಲಿಂದ ಇಳಿಸಿದ್ದು ಕೆಂಪು ಬಣ್ಣದ ಖೋಂಗ್ ಗುವಾನ್ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ. ಆ ದೇಶದಲ್ಲಿ ಈ ಡಬ್ಬಿಯ ಬಗ್ಗೆ ಒಂದು ತಮಾಷೆಯೇ ಇದೆ: ಹಬ್ಬದಲ್ಲಿ ಆಸೆಯಿಂದ ಮುಚ್ಚಳ ತೆಗೆದರೆ ಒಳಗೆ ಬಿಸ್ಕತ್ತಿರುವುದಿಲ್ಲ, ಅಕ್ಕಿ ಸಂಡಿಗೆ ಇರುತ್ತದೆ. ಇದರೊಳಗೆ ತೆರಿಗೆ ಚೀಟಿಗಳ ಕಟ್ಟು, ಅವರ ಅಪ್ಪನ ಹೆಸರಿನ ಹಳೆಯ ಕಂದಾಯ ಪತ್ರ, ಮಡಿಕೆಯ ಗೆರೆಯಲ್ಲಿ ಹರಿದು ಸೆಲೋಟೇಪು ಹಚ್ಚಿದ್ದು. ಅದಕ್ಕೆ ಆಧಾರವಾದ ಊರ ಕಚೇರಿಯ ದಫ್ತರಕ್ಕೆ ‘ಲೆತೆರ್ ಚೆ’ ಅನ್ನುತ್ತಾರೆ; ಡಚ್ಚರ ಕಾಲದ ಕಂದಾಯದ ಲೆಕ್ಕ. ತೆರಿಗೆ ಕಟ್ಟಿದವರು ಯಾರು ಎಂದು ಹೇಳುತ್ತದೆ, ಒಡೆಯ ಯಾರು ಎಂದು ಹೇಳುವುದಿಲ್ಲ. ನಮ್ಮ ಪಹಣಿಯನ್ನೇ ಹಕ್ಕುಪತ್ರ ಎಂದು ನಂಬುವ ಹಾಗೆ ಅವರೂ ತಲೆಮಾರುಗಟ್ಟಲೆ ನಂಬಿದ್ದರು. 2021ರ ಸರ್ಕಾರಿ ನಿಯಮ ಇದಕ್ಕೆಲ್ಲ ಐದು ವರ್ಷದ ಗಡುವು ಹಾಕಿತು. 2026ರ ಫೆಬ್ರುವರಿಯ ನಂತರ ಇಂಥ ಹಳೆಯ ಕಾಗದ ಹಕ್ಕಿನ ಸಾಕ್ಷಿಯಲ್ಲ, ಬರೀ ಸುಳಿವು. ಹಾಗಂತ ಜಮೀನು ಹೋಗುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಬೇಕು. 2017ರಿಂದ ಸರ್ಕಾರವೇ ಊರೂರಿಗೆ ಬಂದು ಸಾಮೂಹಿಕವಾಗಿ ಅಳೆದು ಪ್ರಮಾಣಪತ್ರ ಕೊಡುತ್ತಿದೆ. ಬೀಗರ ಹತ್ತಿರ ಗರುಡನ ಮುದ್ರೆಯ ಹಸಿರು ಹೊದಿಕೆಯ ‘ಸರ್ಟಿಫಿಕಾತ್’ ಇದೆಯೇ ಅಂತ ಸೊಸೆ ಮೊದಲು ನೋಡಲಿ. ಇದ್ದರೆ ಅದು ಬೀಗರ ಹೆಸರಿನಲ್ಲಿದೆಯೋ, ಇನ್ನೂ ಅಜ್ಜನ ಹೆಸರಿನಲ್ಲೇ ಇದೆಯೋ ನೋಡಲಿ. ಅಜ್ಜನ ಹೆಸರಲ್ಲಿದ್ದರೆ ಚಿಕ್ಕಪ್ಪ ಅತ್ತೆಯರೆಲ್ಲರ ಸಹಿ ಬೇಕು, ಹಂಚುವ ಮಾತು ಆಮೇಲೆ.

ಯೋಗ್ಯಕರ್ತದಲ್ಲಿ ಇನ್ನೊಂದು ಪದರ ಇದೆ. ಅಲ್ಲಿ ಸುಲ್ತಾನರೇ ಗವರ್ನರ್, ಚುನಾವಣೆ ಇಲ್ಲ. 2012ರ ವಿಶೇಷ ಕಾಯಿದೆ ಅರಮನೆಗೆ ಜಮೀನಿನ ಒಡೆತನವನ್ನೂ ಒಪ್ಪಿತು. ಅರಮನೆ ನೆಲದಲ್ಲಿ ಎಷ್ಟೋ ಮನೆತನಗಳು ತಲೆತಲಾಂತರದಿಂದ ವಾಸ ಇವೆ. ಅವರ ಕೈಯಲ್ಲಿರುವುದು ‘ಕೆಕಾಂಚಿಂಗಾನ್’ ಎಂಬ ಅರಮನೆಯ ಅನುಮತಿ ಪತ್ರ; ಇರಬಹುದು, ಮಾರುವ ಹಾಗಿಲ್ಲ. ಇನ್ನು ಊರಿನದೇ ಜಮೀನು ಬೇರೆ: ಒಂದಿಷ್ಟು ಊರ ಖಜಾನೆಗೆ, ಒಂದಿಷ್ಟು ಸಂಬಳದ ಬದಲು ಊರ ಅಧಿಕಾರಿಗಳಿಗೆ. ನಮ್ಮ ಹಳೆಯ ಉಂಬಳಿಯೇ. ಇಂಥ ಊರ ನೆಲದ ಮೇಲೆ ವಿಲ್ಲಾ ಎದ್ದು, ಇಪ್ಪತ್ತು ವರ್ಷದ ಬಾಡಿಗೆ ಅಂತ ಹೊರಗಿನವರಿಗೆ ಮಾರಾಟವಾಗಿ, ಪ್ರಕರಣ ಕೋರ್ಟಿಗೆ ಹೋಗಿ 2023ರಲ್ಲಿ ಸ್ಲೆಮಾನ್ ಜಿಲ್ಲೆಯ ಒಬ್ಬ ‘ಲುರಾಹ್’, ಅಂದರೆ ಊರ ಮುಖ್ಯಸ್ಥರಿಗೆ ಜೈಲಾಯಿತು. ಬ್ರೋಕರ್ ತೋರಿಸುತ್ತಿರುವ ‘ಪಕ್ಕದ ತುಂಡು’ ಯಾವ ಜಾತಿಯ ನೆಲ ಅಂತ ಕೇಳಿದಿರಾ? ಒಂದು ಮಾತು ಹೇಳಲೇಬೇಕು. ಆ ಪ್ರಾಂತದಲ್ಲಿ 1975ರ ಉಪ ಗವರ್ನರ್ ಆದೇಶದ ಪ್ರಕಾರ ಚೀನೀ ಮೂಲದ ಇಂಡೊನೇಷ್ಯಾ ಪ್ರಜೆಗಳಿಗೂ ಹಕ್ ಮಿಲಿಕ್ ಕೊಡುವುದಿಲ್ಲ. ತಲೆಮಾರುಗಳಿಂದ ಅಲ್ಲೇ ಅಂಗಡಿ ಇಟ್ಟುಕೊಂಡು ಬದುಕಿದವರ ಕಥೆ ಅದು. ನನಗೆ ಅದು ಅನ್ಯಾಯ ಅನಿಸುತ್ತದೆ. ಆದರೆ ಹೊರಗಿನಿಂದ ಹೋದ ನಮ್ಮ ಹುಡುಗ ತನಗೆ ಸಿಗಲಿಲ್ಲವೆಂದು ಗೊಣಗುವ ಮುಂಚೆ ಇದನ್ನು ತಿಳಿದಿರಲಿ.

ಇಷ್ಟೂ ಕಾಗದದ ಮಾತಾಯಿತು. ಗದ್ದೆಗೆ ಮಣ್ಣು ತುಂಬಿಸುವ ಆಸೆ ಬಗ್ಗೆ ನಾನು ಸ್ವಲ್ಪ ಬಿಗಿಯಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

1,800 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಹದಿನೆಂಟು ಗುಂಟೆಗೆ ಚೂರು ಕಡಿಮೆ. ಅರ್ಧ ಹೆಕ್ಟೇರಿಗಿಂತ ಕಡಿಮೆ ಇರುವ ರೈತನನ್ನು ಅಲ್ಲಿ ‘ಗುರೆಮ್’ ಅನ್ನುತ್ತಾರೆ. ಗುರೆಮ್ ಎಂದರೆ ಕೋಳಿ ಹೇನು. ಬೀಗರು ಗುರೆಮ್. ಮೂರು ಮಕ್ಕಳಿಗೆ ಹಂಚಿದರೆ ತಲಾ ಆರು ಗುಂಟೆ. ಹಳೆಯ ಜಾವಾ ರೂಢಿಯಲ್ಲಿ ಮಗನಿಗೆ ಕಾವಡಿಯ ಎರಡು ಬದಿ, ಮಗಳಿಗೆ ಸೊಂಟದ ಮೇಲೆ ಹೊತ್ತಷ್ಟು. ‘ಸಪಿಕುಲ್ ಸಗೆಂಡೊಂಗಾನ್’ ಅನ್ನುತ್ತಾರೆ. ಸಮಪಾಲು ಕೊಡುವ ಮನೆಗಳೂ ಬೇಕಾದಷ್ಟಿವೆ. ನಿಮ್ಮ ಬೀಗರು ಬದುಕಿರುವಾಗಲೇ ಕೊಡಲು ಹೊರಟಿರುವುದು ಮಗಳಿಗೆ ಕಡಿಮೆಯಾಗದಿರಲಿ ಅಂತಲೇ ಇರಬೇಕು. ದೊಡ್ಡ ಮನಸ್ಸು.

ಆ ಗದ್ದೆಗೆ ನೀರು ಬಹುಶಃ ಮಾತಾರಾಮ್ ಕಾಲುವೆಯದು, ಇಲ್ಲವೇ ಮೆರಾಪಿ ಎಂಬ ಜ್ವಾಲಾಮುಖಿ ಬೆಟ್ಟದಿಂದ ಇಳಿಯುವ ತೊರೆಯದು. ಪಶ್ಚಿಮದ ಪ್ರೋಗೊ ಹೊಳೆಯಿಂದ ಪೂರ್ವದ ಓಪಕ್ ಹೊಳೆಗೆ ಸುಮಾರು 30 ಕಿಲೋಮೀಟರ್ ಹರಿಯುವ ಆ ಕಾಲುವೆ ತೋಡಿದ್ದು ಎರಡನೇ ಮಹಾಯುದ್ಧದ ವೇಳೆ, ಜಪಾನಿಯರ ಆಳ್ವಿಕೆಯಲ್ಲಿ. ಅಂದಿನ ಸುಲ್ತಾನ ಒಂಬತ್ತನೇ ಹಮೆಂಗ್ಕುಬುವೊನೊ, ಇಲ್ಲಿ ಕಾಲುವೆ ಕೆಲಸಕ್ಕೆ ಆಳು ಬೇಕು ಅಂತ ಹೇಳಿ, ತನ್ನ ಜನರನ್ನು ಜಪಾನಿಯರು ಬಿಟ್ಟಿ ದುಡಿಮೆಗೆ ದೂರದೇಶಕ್ಕೆ ಎಳೆದೊಯ್ಯದಂತೆ ತಡೆದ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಈಗ ಅದೇ ಕಾಲುವೆಯ ದಂಡೆಯುದ್ದಕ್ಕೂ ‘ಕೋಸ್’: ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಸಾಲು ಕೋಣೆಗಳು. 1949ರಲ್ಲಿ ಶುರುವಾದ ಗಜಮದ ವಿಶ್ವವಿದ್ಯಾಲಯದ ಬೆನ್ನಿಗೆ ಕಾಲೇಜುಗಳು ಬಂದವು, ಹುಡುಗರು ಬಂದರು, ಭತ್ತಕ್ಕಿಂತ ಹತ್ತು ಕೋಣೆ ಹೆಚ್ಚು ದುಡ್ಡು ಕೊಟ್ಟವು. ರೈತರನ್ನು ನಾನು ದೂರುವುದಿಲ್ಲ. ಅವರಿಗದು ಹೊಟ್ಟೆಪಾಡು. ನಿಮ್ಮ ಮಗನಿಗೆ ಹಾಗಲ್ಲ.

ಅಲ್ಲಿ ಗದ್ದೆಗಳು ಮೆಟ್ಟಿಲು ಮೆಟ್ಟಿಲು. ಮೇಲಿನ ಮಡಿಯಿಂದ ಕೆಳಗಿನದಕ್ಕೆ ನೀರಿಳಿಯುತ್ತದೆ. ನಡುವಿನ ಒಂದಕ್ಕೆ ಮಣ್ಣು ತುಂಬಿದರೆ ಕೆಳಗಿನವನಿಗೆ ನೀರು ತಪ್ಪುತ್ತದೆ, ಗೋಡೆಯ ನೆರಳು ಪೈರಿನ ಮೇಲೆ ಬೀಳುತ್ತದೆ, ಉಳಿದ ನಾಲ್ಕು ಗದ್ದೆಗೇ ಇಲಿ ಗುಬ್ಬಚ್ಚಿಯೆಲ್ಲ ಮುತ್ತುತ್ತವೆ. ಒಂದು ಬೆಳಗ್ಗೆ ‘ಉಲು-ಉಲು’ ಜೊತೆ ಬದುವಿನ ಮೇಲೆ ನಡೆದೆ. ಊರ ನೀರು ನೋಡಿಕೊಳ್ಳುವವನಿಗೆ ಅಲ್ಲಿ ಆ ಹೆಸರು, ನಮ್ಮ ನೀರುಗಂಟಿ. ಆತ ಕೈಯಲ್ಲಿದ್ದ ಗುದ್ದಲಿಯಿಂದ ಒಂದು ಕಾಲುವೆ ಬಾಯಿ ತೋರಿಸಿದ. ಅದರ ಮುಂದೆ ಹೊಸ ಲೇಔಟಿನ ಕಾಂಪೌಂಡ್ ಗೋಡೆ. ನೀರು ಗೋಡೆಗೆ ಬಡಿದು ಎಡಕ್ಕೆ ತಿರುಗಿ ಚರಂಡಿಗೆ ಇಳಿಯುತ್ತಿತ್ತು. ಆತ ಬೈಯಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಬಗ್ಗಿ ಅಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ತೆಗೆದು ಮುಂದೆ ಹೋದ.

ಅಲ್ಲದೆ ಕಾಯಿದೆಯೂ ಅಡ್ಡ ಬರುತ್ತದೆ. 2009ರ ಕಾಯಿದೆಯಡಿ ಕಾಪಾಡಬೇಕಾದ ಗದ್ದೆಗಳನ್ನು ಗುರುತಿಸಲಾಗಿದೆ. ಬೀಗರದ್ದು ಅದರಲ್ಲಿದ್ದರೆ ಮನೆ ಕಟ್ಟುವ ಮಾತೇ ಇಲ್ಲ. ಇಲ್ಲದಿದ್ದರೂ ಗದ್ದೆಯನ್ನು ‘ಪೆಕರಾಂಗಾನ್’, ಅಂದರೆ ಮನೆ ಹಿತ್ತಲು ಎಂದು ಬದಲಿಸಲು ಬೇರೆ ಅನುಮತಿ ಬೇಕು. 1961ರ ಇನ್ನೊಂದು ನಿಯಮ ಹೇಳುವಂತೆ, ಕೃಷಿ ಜಮೀನಿನ ಒಡೆಯ ಅದೇ ತಾಲೂಕಿನ ವಾಸಿಯಾಗಿರಬೇಕು. ನಿಮ್ಮ ಸೊಸೆಯ ಗುರುತಿನ ಚೀಟಿ ಜಕಾರ್ತದ್ದು.

ನನ್ನ ಸಲಹೆ ಕೇಳಿದರೆ: ಗದ್ದೆಯನ್ನು ಅಲ್ಲೇ ಉಳುವ ಒಡಹುಟ್ಟಿದವರಿಗೆ ಬಿಟ್ಟು, ಸೊಸೆ ಹಿತ್ತಲಿನ ಒಂದು ಮೂಲೆ ಕೇಳಲಿ. ಅಲ್ಲಿ ಮನೆ ಕಟ್ಟಲಿ. ಜಾವಾದ ಹಳೆಯ ರೂಢಿಯಲ್ಲಿ ನೆಲ ಒಬ್ಬರದ್ದು, ಅದರ ಮೇಲಿನ ಮನೆ ಇನ್ನೊಬ್ಬರದ್ದು ಆಗುವುದು ಹೊಸದೇನಲ್ಲ. ತೇಗದ ‘ಜೋಗ್ಲೊ’ ಮನೆಯನ್ನು ಕಂಬ ತೊಲೆ ಬಿಚ್ಚಿ ಲಾರಿಗೆ ಹಾಕಿ ಬೇರೆ ಊರಲ್ಲಿ ನಿಲ್ಲಿಸುತ್ತಾರೆ. ಮಗನ ದುಡ್ಡು ಮನೆಗೆ ಹೋಗಲಿ, ಅದನ್ನು ಕರಾರಿನಲ್ಲಿ ಬರೆಸಲಿ. ತನ್ನ ಹೆಸರಿಗೇ ನೆಲ ಬೇಕೆಂದರೆ ವಿದೇಶಿಯರಿಗೆ ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕು ಇದೆ. ಅದಕ್ಕೆ ಅವಧಿ ಇದೆ, ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆಯೂ ಇದೆ. ಹಳ್ಳಿ ಮನೆಗೆ ಹೊಂದುವುದಿಲ್ಲ. ಹೊಳೆ ದಂಡೆಯ ಸೈಟು ಯಾರೇ ತೋರಿಸಿದರೂ ಬೇಡ. 2010ರಲ್ಲಿ ಮೆರಾಪಿ ಉಗುಳಿದಾಗ 350ಕ್ಕೂ ಹೆಚ್ಚು ಜನ ಸತ್ತರು. ಬೂದಿ ಕೆಸರು ಆಮೇಲೂ ಮಳೆಗಾಲದಲ್ಲಿ ಹೊಳೆಗುಂಟ ಇಳಿದು ಬಂತು. ನಾನು ವಕೀಲನಲ್ಲ. ಸಹಿ ಹಾಕುವ ಮುಂಚೆ ‘ಪೆ-ಪೆ-ಆ-ತೆ’ ಎನ್ನುವ ಭೂನೋಟರಿಯನ್ನು ಕಾಣಲಿ, ಬ್ರೋಕರ್ ತೋರಿಸಿದವರನ್ನಲ್ಲ.

ಇನ್ನೊಂದು ಲೆಕ್ಕ ಯಾವ ನೋಟರಿಯೂ ಬರೆಯುವುದಿಲ್ಲ. ಆ ಊರಲ್ಲಿ ಪ್ರತಿ ಮನೆಯ ಬೇಲಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಲೋಟ ಮೊಳೆ ಹೊಡೆದು ನಿಲ್ಲಿಸಿರುತ್ತಾರೆ. ಸಂಜೆ ಅದರಲ್ಲಿ ಐನೂರು ರುಪಿಯಾದ ನಾಣ್ಯ ಹಾಕುವುದು. ಹಿಂದೆ ಒಂದು ಚಿಟಿಕೆ ಅಕ್ಕಿ ಹಾಕುತ್ತಿದ್ದರು, ಆದ್ದರಿಂದ ‘ಜಿಂಪಿತಾನ್’. ರಾತ್ರಿ ಗಸ್ತು ತಿರುಗುವ ಗಂಡಸರು ಟಾರ್ಚು ಹಿಡಿದು ಒಂದೊಂದನ್ನೂ ಚೀಲಕ್ಕೆ ಸುರಿದುಕೊಂಡು ಹೋಗುತ್ತಾರೆ. ಆ ದುಡ್ಡು ಬೀದಿ ದೀಪಕ್ಕೆ, ಸಾವಿನ ಮನೆಗೆ. ಲೋಟ ಮೂರು ದಿನ ಖಾಲಿ ಇದ್ದರೆ ಒಳಗೆ ಯಾರಿಗಾದರೂ ಹುಷಾರಿಲ್ಲವೇನೋ ಅಂತ ಬಾಗಿಲು ತಟ್ಟುತ್ತಾರೆ. ಹೊಸ ಲೇಔಟಿನ ಗೇಟಿನಲ್ಲಿ ಲೋಟ ಇಲ್ಲ, ಸೆಕ್ಯುರಿಟಿಯವನಿದ್ದಾನೆ. ನಿಮ್ಮ ಮಗ ಮನೆ ಕಟ್ಟಿದ ದಿನವೇ ಆ ಲೋಟ ನಿಲ್ಲಿಸಲಿ. ಊರಲ್ಲಿದ್ದಾಗ ಗಸ್ತಿನ ಸರದಿಗೂ ಹೋಗಲಿ. ಕೆಲಸ ಕಡಿಮೆ, ಹರಟೆ ಜಾಸ್ತಿ.

ಕೊನೆಯ ಪ್ರಶ್ನೆ. ಡಿಸೆಂಬರ್ ಅಲ್ಲಿ ಮಳೆಗಾಲ, ಕೊಡೆ ಮರೆಯಬೇಡಿ. ಹೋದ ಕೂಡಲೇ ಚಹಾ ಬರುತ್ತದೆ, ಸುಡುಬಿಸಿ, ಗಟ್ಟಿ, ಪಾನಕದಷ್ಟು ಸಿಹಿ. ನಿಮಗೆ ಸಕ್ಕರೆ ಕಾಯಿಲೆ ಅಂತ ಬರೆದಿದ್ದೀರಿ, ಎರಡು ಗುಟುಕು ಕುಡಿದು ಇಡಿ, ಮುಟ್ಟದೆ ಬಿಡಬೇಡಿ. ಜಮೀನಿನ ಮಾತು ಮೊದಲ ದಿನ ನೀವಾಗಿ ಎತ್ತಬೇಡಿ. ಸಿಹಿ ಅವರಿಗೆ ಇಷ್ಟ. ಮೈಸೂರು ಪಾಕ್ ಒಯ್ಯಿರಿ. ರಟ್ಟಿನ ಪೆಟ್ಟಿಗೆ ಬೇಡ, ತಗಡಿನ ಡಬ್ಬಿಯಲ್ಲೇ ತುಂಬಿಸಿ. ಆ ಮನೆಗಳಲ್ಲಿ ಡಬ್ಬಿ ಎಸೆಯುವುದಿಲ್ಲ.